ನೊಗ ಹೊತ್ತ ಅಪ್ಪ, ನಗಿಸುವ ಮಗ

ಸಿದ್ಧಲಿಂಗಯ್ಯನವರ ‘ಊರುಕೇರಿ’ 1996ರಲ್ಲಿ ಬಂದಾಗಿನಿಂದ ಅದನ್ನು ನಗಿಸುವ ಆತ್ಮಕಥೆ ಎಂದೇ ಹೊಗಳುತ್ತ ಬಂದಿದ್ದೇವೆ. ದಲಿತ ಕವಿಯೊಬ್ಬ ಕಹಿಯಿಲ್ಲದೆ ತನ್ನ ಬದುಕು ಹೇಳಿಕೊಂಡನಲ್ಲ ಎಂಬ ಸಮಾಧಾನ ಆ ಹೊಗಳಿಕೆಯೊಳಗಿದೆ. ಅದು ನನಗೆ ಒಪ್ಪಿಗೆಯಿಲ್ಲ.

ಪುಸ್ತಕ ಶುರುವಾಗುವುದು ಮಾಗಡಿ ತಾಲ್ಲೂಕಿನ ಮಂಚನಬೆಲೆಯಲ್ಲಿ. ಐನೋರ ಹೊಲದಲ್ಲಿ ಎತ್ತುಗಳಿರಬೇಕಾದ ಕಡೆ ಇಬ್ಬರು ಮನುಷ್ಯರು ನೊಗಕ್ಕೆ ಹೆಗಲು ಕೊಟ್ಟಿದ್ದಾರೆ. ಹಿಂದಿನಿಂದ ಮತ್ತೊಬ್ಬ ಉಳುತ್ತಿದ್ದಾನೆ. ನೋಡುವ ಹುಡುಗನಿಗೆ ಮೋಜು. ಆ ಇಬ್ಬರಲ್ಲಿ ಒಬ್ಬ ತನ್ನಪ್ಪ ಎಂದು ತಿಳಿದಾಗ ಮೋಜು ಸಂಕಟವಾಗುತ್ತದೆ. ಇಷ್ಟನ್ನು ಕೆಲವೇ ಸಾಲುಗಳಲ್ಲಿ ಹೇಳಿ ಲೇಖಕರು ಮುಂದೆ ನಡೆದುಬಿಡುತ್ತಾರೆ. ಹುಡುಗನ ಜೊತೆ ಮುಗುಳ್ನಕ್ಕ ಓದುಗ ಅಲ್ಲೇ ಸಿಕ್ಕಿಬೀಳುತ್ತಾನೆ. ಹೊಡೆತವಿಲ್ಲ, ರಕ್ತವಿಲ್ಲ, ಜಾತಿಯ ಹಿಂಸೆ ಹಗಲು ಬೆಳಕಿನಲ್ಲಿ, ದಿನದ ಕೂಲಿ ಕೆಲಸದಂತೆ ನಡೆಯುತ್ತಿದೆ. ಕನ್ನಡ ಗದ್ಯದಲ್ಲಿ ಇಷ್ಟು ಕಡಿಮೆ ಮಾತಿನಲ್ಲಿ ಇಷ್ಟು ನೋವು ತುಂಬಿದ ಪುಟಗಳು ವಿರಳ.

ಪುಸ್ತಕಕ್ಕೆ ಹಿಂಮಾತು ಬರೆದ ವಿಮರ್ಶಕ ಡಿ.ಆರ್. ನಾಗರಾಜ್ ದೊಡ್ಡಬಳ್ಳಾಪುರದವರು, ನೇಯ್ಗೆಯವರ ಮನೆಯಲ್ಲಿ ಹುಟ್ಟಿದವರು, ಸಿದ್ಧಲಿಂಗಯ್ಯನವರಂತೆಯೇ 1954ರವರು. ಬಡವರ ನಗುವಿಗಿರುವ ಶಕ್ತಿಯನ್ನು ಅವರು ಅಲ್ಲಿ ಎತ್ತಿಹಿಡಿದರು. ಪುಸ್ತಕದಲ್ಲಿ ಮುಂದೆ ಬರುವ ಬೆಂಗಳೂರಿನ ಶ್ರೀರಾಮಪುರದ ಬೀದಿಗಳ, ಹಾಸ್ಟೆಲಿನ ಪ್ರಸಂಗಗಳಿಗೆ ಆ ಮಾತು ಪೂರ್ತಿ ಒಪ್ಪುತ್ತದೆ. ಐನೋರ ಹೊಲಕ್ಕೆ ಒಪ್ಪುವುದಿಲ್ಲ. ಅಲ್ಲಿನ ನಗು ಶಕ್ತಿಯದಲ್ಲ, ಏನೂ ತಿಳಿಯದ ಮಗುವಿನದು. ತಿಳಿದ ಕ್ಷಣವೇ ಅದು ಸಾಯುತ್ತದೆ.

ಕನ್ನಡ ಸಾಹಿತ್ಯವನ್ನು ಬೂಸಾ ಎಂದ ಮಾತಿಗೆ ಎದ್ದ 1973ರ ಬೂಸಾ ಗಲಾಟೆಯಲ್ಲಿ ದಲಿತ ವಿದ್ಯಾರ್ಥಿಗಳ ಮೇಲೆ ಕೈ ಮಾಡಿದ್ದನ್ನು ಕಂಡ ತಲೆಮಾರು ಸಿದ್ಧಲಿಂಗಯ್ಯನವರದು. ಅವರ 1975ರ ಕವನ ಸಂಕಲನ ‘ಹೊಲೆಮಾದಿಗರ ಹಾಡು’ ಆ ಸಿಟ್ಟನ್ನು ಬೀದಿಗೆ ತಂದಿತು. ಸಿಟ್ಟು ಇಡೀ ಕೇರಿಯದಾಗಿದ್ದರಿಂದ ಅದನ್ನು ಕೂಗಿ ಹಾಡಬಹುದಿತ್ತು. ಅಪ್ಪನ ಹೆಗಲಿನ ಮಾತು ಗದ್ಯದಲ್ಲಿ ಹೀಗೆ ಅಚ್ಚಾಗಲು ಮತ್ತೆ ಎರಡು ದಶಕ ಬೇಕಾಯಿತು. ನಡುವಯಸ್ಸಿಗೆ ಬಂದ ಮಗ ಅದನ್ನು ತಮಾಷೆಯ ದನಿಯಲ್ಲಿ ಹೇಳಬೇಕಾಯಿತೆಂದರೆ ಗಾಯ ಮಾಗಿತ್ತೆಂದು ನಾನು ಓದಲಾರೆ. ಬೇರೆ ದನಿಯಲ್ಲಿ ಹೇಳಲು ಆಗದಷ್ಟು ಅದು ಹಸಿಯಾಗಿತ್ತು.

ಪುಸ್ತಕದ ಬಗ್ಗೆ ನನ್ನ ದೊಡ್ಡ ತಕರಾರೂ ಇಲ್ಲೇ ಇದೆ. ಮಗನ ಸಂಕಟ ಸಿಕ್ಕಿತು, ಅಪ್ಪನದು ಸಿಗಲಿಲ್ಲ. ಮಗ ನೋಡಿಬಿಟ್ಟನೆಂದು ಆ ಮನುಷ್ಯನಿಗೆ ಗೊತ್ತಾಯಿತೆ? ಆ ರಾತ್ರಿ ಮನೆಯಲ್ಲಿ ಯಾರು ಏನು ಮಾತಾಡಿದರು? ಮಗುವಿನ ಕಣ್ಣಿಗೆ ನಿಷ್ಠವಾಗಿರಲು ಹೊರಟ ಬರಹ ಈ ಬಾಗಿಲು ತಟ್ಟುವುದಿಲ್ಲ. ತಟ್ಟಬೇಕಿತ್ತು.