ಬಿಟ್ಟು ಬಂದವರ ಲೆಕ್ಕ

ಸಾಲೊಮನ್ ನಾರ್ಥಪ್‌ನ ‘ಟ್ವೆಲ್ವ್ ಇಯರ್ಸ್ ಎ ಸ್ಲೇವ್’ ಪುಸ್ತಕವನ್ನು ನಾವು ಐದಾರು ಮಂದಿ ಬೆಳಗಾವಿಯ ಒಂದು ಬಾಡಿಗೆ ಕೋಣೆಯಲ್ಲಿ ಕೂತು ಓದಿದೆವು. ಇಂಗ್ಲಿಷ್ ಬಲ್ಲ ಗೆಳೆಯ ಓದುತ್ತ ಹೋದ, ಕನ್ನಡದಲ್ಲಿ ಹೇಳುತ್ತ ಹೋದ. ಮೂರು ಭಾನುವಾರ ಹಿಡಿಯಿತು. ಮುಗಿದ ಮೇಲೆ ಯಾರೂ ‘ಅದ್ಭುತ’ ಅನ್ನಲಿಲ್ಲ. ಒಬ್ಬ ಮಾತ್ರ, “ಇದು ನಮ್ಮ ಅಜ್ಜನ ಕತಿ ಇದ್ದಂಗ ಐತಿ. ಆದ್ರ ನಮ್ಮ ಅಜ್ಜನ್ನ ಯಾರೂ ಕದ್ದು ಒಯ್ಯಲಿಲ್ಲ” ಅಂದ. ಆ ‘ಆದ್ರ’ ಎಂಬ ಒಂದು ಮಾತಿಗಾಗಿ ಈ ಲೇಖನ ಬರೆಯುತ್ತಿದ್ದೇವೆ.

ಪುಸ್ತಕ ಬಂದದ್ದು 1853ರಲ್ಲಿ. 2013ರಲ್ಲಿ ಸ್ಟೀವ್ ಮೆಕ್ವೀನ್ ಅದನ್ನು ಸಿನಿಮಾ ಮಾಡಿದ, ಮರುವರ್ಷ ಆಸ್ಕರ್ ಬಂತು. ಜಗತ್ತು ಕಣ್ಣೀರು ಹಾಕಿತು. ‘ಮಾನವ ಚೇತನದ ಗೆಲುವು’ ಎಂದು ಹೊಗಳಿದವರೂ ಉಂಟು. ಯಾರ ಗೆಲುವು, ಎಷ್ಟು ಜನರ ಗೆಲುವು ಎಂದು ಕೇಳುವುದು ವಿಮರ್ಶೆಯ ಕೆಲಸ ಎಂದು ನಾವು ತಿಳಿದಿದ್ದೇವೆ.

ಕತೆ ಇಷ್ಟು. ನಾರ್ಥಪ್ ನ್ಯೂಯಾರ್ಕ್ ಸೀಮೆಯ ಸ್ವತಂತ್ರ ಕರಿಯ. ಅಪ್ಪ ಗುಲಾಮನಾಗಿದ್ದು ಬಿಡುಗಡೆ ಆದವನು. ಮಗನಿಗೆ ಹೆಂಡತಿ, ಮೂರು ಮಕ್ಕಳು. ಪಿಟೀಲು ನುಡಿಸುವ ಕೈ. 1841ರಲ್ಲಿ ಇಬ್ಬರು ಬಂದು ಸರ್ಕಸ್ಸಿನಲ್ಲಿ ಪಿಟೀಲು ನುಡಿಸಿದರೆ ಒಳ್ಳೆ ಸಂಬಳ ಎಂದರು. ವಾಷಿಂಗ್ಟನ್ನಿಗೆ ಕರೆದೊಯ್ದರು. ಅಲ್ಲಿ ಕುಡಿದದ್ದರಲ್ಲಿ ಏನೋ ಬೆರೆತಿತ್ತು. ಎಚ್ಚರವಾದಾಗ ಕೈಗೆ ಕೋಳ, ಕಾಲಿಗೆ ಸರಪಳಿ. ತಾನು ಸ್ವತಂತ್ರನೆಂದು ತೋರಿಸುವ ಕಾಗದ ಕಿಸೆಯಿಂದ ಮಾಯ. ‘ನಾನು ಸ್ವತಂತ್ರ’ ಅಂದದ್ದಕ್ಕೆ ಬಿದ್ದದ್ದು ಏಟು. ಆ ದೊಡ್ಡಿಯಿಂದ ಅಮೆರಿಕದ ಸಂಸತ್ ಭವನ ಕಾಣುತ್ತಿತ್ತು. ಹಡಗಿನಲ್ಲಿ ನ್ಯೂ ಆರ್ಲಿಯನ್ಸಿಗೆ ಸಾಗಿಸಿ ‘ಪ್ಲಾಟ್’ ಎಂಬ ಹೊಸ ಹೆಸರಿಟ್ಟು ಮಾರಿದರು. ಹೆಸರು ಕಿತ್ತುಕೊಳ್ಳುವುದು ಯಾಕೆಂದು ನಮಗೆ ಯಾರೂ ತಿಳಿಸಿ ಹೇಳಬೇಕಾಗಿಲ್ಲ. ಕೇರಿಯ ಮಗುವಿಗೆ ಅಪ್ಪ ಅವ್ವ ಇಟ್ಟ ಹೆಸರು ಒಂದು, ಧಣಿ ಕೂಗಿದ ಹೆಸರು ಇನ್ನೊಂದು.

ಈ ಪುಸ್ತಕದ ಶಕ್ತಿ ಅದರ ಲೆಕ್ಕದಲ್ಲಿದೆ. ಅದು ಬರೀ ಅಳುವುದಿಲ್ಲ, ಎಣಿಸುತ್ತದೆ. ಪ್ಲಾಟ್‌ಗೆ 1000 ಡಾಲರ್, ಹ್ಯಾರಿಗೆ 900, ಎಲಿಜಾ ಎಂಬ ತಾಯಿಗೆ 700. ಆ ತಾಯಿಯ ಮಗ ಮೊದಲೇ ಬೇರೆಯವನ ಪಾಲು, ಮಗಳನ್ನು ವ್ಯಾಪಾರಿ ಕೊಡಲೇ ಇಲ್ಲ. ಹೊಲದಲ್ಲಿ ದಿನಕ್ಕೆ 200 ಪೌಂಡು ಹತ್ತಿ ಬಿಡಿಸಬೇಕು. ಕಡಿಮೆ ಬಿದ್ದರೆ ಚಾಟಿ. ಹೆಚ್ಚು ಬಿಡಿಸಿದರೆ ನಾಳೆಯಿಂದ ಅದೇ ಅಳತೆ. ಪ್ಯಾಟ್ಸಿ ಎಂಬ ಹೆಣ್ಣುಮಗಳು 500 ಪೌಂಡು ಬಿಡಿಸುತ್ತಿದ್ದಳು. ಅದಕ್ಕೆ ಅವಳಿಗೆ ಸಿಕ್ಕ ಇನಾಮು, ಧಣಿಯ ಹಾಸಿಗೆ ಮತ್ತು ಧಣಿಯ ಹೆಂಡತಿಯ ದ್ವೇಷ. ಒಂದು ದಿನ ಅವಳು ಮೈ ತೊಳೆಯಲು ಒಂದು ತುಂಡು ಸಾಬೂನಿಗಾಗಿ ನೆರೆಯ ತೋಟಕ್ಕೆ ಹೋಗಿ ಬಂದಳು. ಅಷ್ಟಕ್ಕೇ ಅವಳನ್ನು ನೆಲಕ್ಕೆ ಕಟ್ಟಿದರು, ಚಾಟಿಯನ್ನು ನಾರ್ಥಪ್‌ನ ಕೈಗೇ ಕೊಟ್ಟರು. 1927ರಲ್ಲಿ ಮಹಾಡದ ಕೆರೆಯ ನೀರು ಮುಟ್ಟಿದ್ದಕ್ಕೆ ಏಟು ತಿಂದವರ ಮಕ್ಕಳು ನಾವು. ಸಾಬೂನಿನ ಪುಟದಲ್ಲಿ ನಮ್ಮ ಗೆಳೆಯ ಓದುವುದನ್ನು ನಿಲ್ಲಿಸಿದ. ನಾವೂ ಮುಂದೆ ಓದು ಅನ್ನಲಿಲ್ಲ.

ಇನ್ನು ನಮ್ಮ ತಕರಾರು. ನಾರ್ಥಪ್‌ನ ಮೊದಲ ಧಣಿ ಫೋರ್ಡ್. ದಯಾಳು, ದೈವಭಕ್ತ ಎಂದು ಪುಸ್ತಕ ಮನಸಾರೆ ಹೊಗಳುತ್ತದೆ. ತಪ್ಪು ಅವನದಲ್ಲ, ಅವನು ಬೆಳೆದ ಪರಿಸರದ್ದು ಅನ್ನುತ್ತದೆ. ‘ನಮ್ಮ ಗೌಡ್ರು ಭಾಳ ಚಲೋ’ ಅನ್ನುವ ಮಾತನ್ನು ಜೀತದ ಮನೆಗಳಲ್ಲಿ ನಾವೂ ಕೇಳಿದ್ದೇವೆ. ಆದರೆ ಅದೇ ಫೋರ್ಡ್ ಸಾಲಕ್ಕೆ ಸಿಕ್ಕಾಗ ಮಾರಿದ್ದು ಯಾರನ್ನು? ನಾರ್ಥಪ್‌ನನ್ನು, ಅದೂ ಟಿಬೀಟ್ಸ್ ಎಂಬ ಕ್ರೂರಿಗೆ. ಧಣಿಯ ದಯೆ ಅವನ ಸಾಲದ ವಾಯಿದೆಯ ತನಕ. ಈ ಸತ್ಯ ಪುಸ್ತಕದ ಒಳಗೇ ಇದೆ, ಬರೆದ ಕೈ ಅದನ್ನು ಒತ್ತಿ ಹೇಳುವುದಿಲ್ಲ. ಬರೆದ ಕೈ ಡೇವಿಡ್ ವಿಲ್ಸನ್ ಎಂಬ ಬಿಳಿಯ ವಕೀಲನದು. ನಾರ್ಥಪ್ ಹೇಳಿದ, ವಿಲ್ಸನ್ ಬರೆದ. ನೋವು ಒಬ್ಬನದು, ಲೇಖಣಿ ಇನ್ನೊಬ್ಬನದು ಆದಾಗ ಎಲ್ಲೆಲ್ಲಿ ಮೆದುವಾಗುತ್ತದೆ ಎಂಬುದು ಕನ್ನಡದ ನಮಗೂ ಹಳೆಯ ಪ್ರಶ್ನೆಯೇ. 1933ರ ‘ಚೋಮನ ದುಡಿ’ಯಿಂದ ನಾವು ಅದನ್ನು ಕೇಳುತ್ತಲೇ ಬಂದಿದ್ದೇವೆ.

ಎರಡನೆಯ ತಕರಾರು ದೊಡ್ಡದು, ಅದು ಪುಸ್ತಕಕ್ಕಿಂತ ಓದುಗರ ಮೇಲೆ. ‘ಅಯ್ಯೋ, ಸ್ವತಂತ್ರ ಮನುಷ್ಯನನ್ನು ಗುಲಾಮ ಮಾಡಿದರಲ್ಲ!’ ಎಂದು ಎಲ್ಲರೂ ಮರುಗುತ್ತಾರೆ. ಹಾಗಾದರೆ ಗುಲಾಮಳಾಗಿಯೇ ಹುಟ್ಟಿದ ಪ್ಯಾಟ್ಸಿಗೆ ಅದು ಸರಿಯಿತ್ತೇ? ನಾರ್ಥಪ್‌ಗೆ ಆದದ್ದು ಕಳವು. ಪ್ಯಾಟ್ಸಿಗೆ ಆದದ್ದು ಕಾನೂನು. ಕಳವಿಗೆ ಕಣ್ಣೀರು ಬರುತ್ತದೆ, ಕಾನೂನಿಗೆ ರೂಢಿ ಎಂಬ ಹೆಸರು ಬರುತ್ತದೆ. ನಾರ್ಥಪ್‌ನನ್ನು ಬಿಡಿಸಿದ್ದು 1840ರ ನ್ಯೂಯಾರ್ಕಿನ ಒಂದು ಕಾನೂನು. ಬಾಸ್ ಎಂಬ ಕೆನಡಾದ ಬಡಗಿ 1852ರಲ್ಲಿ ಜೀವ ಪಣಕ್ಕಿಟ್ಟು ಕಾಗದ ಬರೆದ. 1853ರ ಜನವರಿಯಲ್ಲಿ ಬಿಡುಗಡೆ ಆಯಿತು. ಆದರೆ ಆ ಕಾನೂನು ನ್ಯೂಯಾರ್ಕಿನವನಿಗೆ ಮಾತ್ರ. ಪ್ಯಾಟ್ಸಿ ಅಲ್ಲೇ ನಿಂತಳು. ಗಾಡಿ ತಿರುವಿನಲ್ಲಿ ಹೊರಳಿತು, ಅವಳು ಕಣ್ಮರೆಯಾದಳು. ಇದನ್ನು ಮುಚ್ಚಿಡದೆ ಹೇಳಿದ್ದು ನಾರ್ಥಪ್‌ನ ದೊಡ್ಡತನ. ಅದನ್ನು ಮರೆತು ‘ಗೆಲುವು’ ಅಂದದ್ದು ಓದಿದವರ ಸಣ್ಣತನ.

ನಮ್ಮ ಗೆಳೆಯನ ‘ಆದ್ರ’ ಇಲ್ಲಿಗೆ ಬಂದು ಕೂಡುತ್ತದೆ. ಅವನ ಅಜ್ಜನನ್ನು ಯಾರೂ ಕದಿಯಲಿಲ್ಲ. ಕದಿಯುವ ಅಗತ್ಯವೇ ಇರಲಿಲ್ಲ, ಹುಟ್ಟಿದ ಕೇರಿಯೇ ದೊಡ್ಡಿ. ಅಜ್ಜನ ಸಾಲ ಅಪ್ಪನಿಗೆ, ಅಪ್ಪನದು ಮಗನಿಗೆ. ಜೀತ ರದ್ದಾದ ಕಾನೂನು ಬಂದದ್ದು 1976ರಲ್ಲಿ. ಅದು ಜೀತದ ಸಾಲವಲ್ಲ ಎಂದು ರುಜುವಾತು ಮಾಡುವ ಹೊಣೆಯನ್ನು ಸಾಲ ಕೊಟ್ಟವನ ಮೇಲೇ ಹೊರಿಸಿತು. ಒಳ್ಳೆಯ ಕಾನೂನು. ವಾಷಿಂಗ್ಟನ್ನಿನ ಕೋರ್ಟಿನಲ್ಲಿ ನಾರ್ಥಪ್ ತನ್ನನ್ನು ಮಾರಿದವನ ವಿರುದ್ಧ ಸಾಕ್ಷಿ ಹೇಳುವಂತಿರಲಿಲ್ಲ, ಚರ್ಮ ಕಪ್ಪು ಎಂದು. ನಮ್ಮ ಕೋರ್ಟಿನಲ್ಲಿ ಹೇಳಬಹುದು. ಆದರೆ ಹೇಳಿ ಮನೆಗೆ ಹೋದ ಮೇಲೆ ಆ ಊರಲ್ಲಿ ಕೂಲಿ ಕೊಡುವವನು ಯಾರು?

ಪುಸ್ತಕ ಹಿಡಿದು ನಾವು ಖಾನಾಪುರಕ್ಕೆ ಹೋದೆವು. ಅದಕ್ಕೆ ಕಾರಣವಿದೆ. ಖಾನಾಪುರದ ಕಾಡಂಚಿನಲ್ಲಿ ಸಿದ್ದಿಗಳಿದ್ದಾರೆ. ಆಫ್ರಿಕಾದಿಂದ ಪೋರ್ಚುಗೀಸರು ಗೋವೆಗೆ ಹಿಡಿದು ತಂದು ಮಾರಿದವರ ಸಂತಾನ. ತಪ್ಪಿಸಿಕೊಂಡು ಘಟ್ಟ ಹತ್ತಿ ಬಂದವರ ಸಂತಾನ. ಕಂಪನಿ ಸರಕಾರ 1843ರಲ್ಲೇ ತನ್ನ ಸೀಮೆಯಲ್ಲಿ ಗುಲಾಮನ ಮೇಲಿನ ಒಡೆತನಕ್ಕೆ ಕೋರ್ಟಿನ ಮಾನ್ಯತೆ ಇಲ್ಲ ಎಂದಿತು. ಪೋರ್ಚುಗಲ್ ತನ್ನ ಸಾಮ್ರಾಜ್ಯದಲ್ಲಿ ಗುಲಾಮಗಿರಿ ರದ್ದು ಮಾಡಿದ್ದು 1869ರಲ್ಲಿ. ಅಂದರೆ ನಾರ್ಥಪ್ ಹತ್ತಿ ಬಿಡಿಸುತ್ತಿದ್ದ ಕಾಲದಲ್ಲೇ ಖಾನಾಪುರದ ಘಟ್ಟವೂ ಅಂಥ ಒಂದು ಗೆರೆ. ಈಚೆ ಬಂದರೆ ಮನುಷ್ಯ, ಆಚೆ ಸಿಕ್ಕರೆ ಸರಕು. ಆ ಗೆರೆ ದಾಟಿದವರ ಪೈಕಿ ಯಾರಿಗೂ ಒಬ್ಬ ವಿಲ್ಸನ್ ಸಿಗಲಿಲ್ಲ. ಇದೇ ತಾಲೂಕಿನ ನಂದಗಡದಲ್ಲಿ 1831ರಲ್ಲಿ ಸಂಗೊಳ್ಳಿ ರಾಯಣ್ಣನನ್ನು ಗಲ್ಲಿಗೆ ಹಾಕಿದರು. ಅವನ ಜೊತೆಗಾರ ಗಜವೀರ ಸಿದ್ದಿಯವನೆಂದು ಜನ ಹೇಳುತ್ತಾರೆ. ಜನರ ಬಾಯಲ್ಲಿ ಉಳಿದದ್ದೇ ಅವರ ಪುಸ್ತಕ.

ಗೆರೆಯ ಕತೆ ಅಲ್ಲಿಗೆ ಮುಗಿಯಲಿಲ್ಲ. 2003ರಲ್ಲಿ ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು. ಬೆಳಗಾವಿ, ಧಾರವಾಡ ಜಿಲ್ಲೆಯವರು ಸೇರಿದ್ದು 2020ರಲ್ಲಿ. ಹದಿನೇಳು ವರ್ಷ ಹಳಿಯಾಳದ ಸಿದ್ದಿ ಬುಡಕಟ್ಟಿನವನು, ಪಕ್ಕದ ಖಾನಾಪುರದ ಸಿದ್ದಿ ಏನೂ ಅಲ್ಲ! ಅದೇ ಮೈ, ಅದೇ ಕೂದಲು, ಅದೇ ಮಾತು, ಅದೇ ಬಡತನ. ನಡುವೆ ಜಿಲ್ಲೆಯ ಗಡಿ. ನಾರ್ಥಪ್‌ನ ಕಿಸೆಯಿಂದ ಕಾಗದ ಕದ್ದವರು ಕಳ್ಳರು. ಕಾಗದವನ್ನೇ ಕೊಡದೆ ಇಟ್ಟುಕೊಂಡವರಿಗೆ ಏನನ್ನಬೇಕು?

ಅಲ್ಲಿ ಒಬ್ಬ ಮುದುಕಿ ಅಂಗಳದಲ್ಲಿ ಹಳೆ ಸೀರೆ ತುಂಡು ಸೇರಿಸಿ ಕೌದಿ ಹೊಲಿಯುತ್ತ ಕೂತಿದ್ದಳು. ಕತೆ ಹೇಳಿದೆವು. ಕಳವು, ಮಾರಾಟ, ಚಾಟಿ, ಬಿಡುಗಡೆ, ಎಲ್ಲ ಕೇಳಿದಳು. ಸೂಜಿ ನಿಲ್ಲಲಿಲ್ಲ. ಕೊನೆಗೆ ಕೊಂಕಣಿ ಬೆರೆತ ಕನ್ನಡದಲ್ಲಿ, “ಅವ ಮನಿಗೆ ಬಂದ, ಚಲೋ ಆತು. ಆ ಹುಡುಗಿ ಏನಾದ್ಲು, ತಮ್ಮಾ?” ಅಂದಳು. “ಗೊತ್ತಿಲ್ಲ ಆಯಿ, ಪುಸ್ತಕದಾಗ ಇಲ್ಲ” ಅಂದೆವು. “ಹಂಗಾದ್ರ ಅರ್ಧಾ ಕತಿ ತಂದೀರಿ” ಅಂದಳು.

ಅಮೆರಿಕದ, ಇಂಗ್ಲೆಂಡಿನ ಪಂಡಿತರು ಈ ಪುಸ್ತಕದ ಮೇಲೆ ಬರೆದದ್ದೆಲ್ಲ ಇರಲಿ. ನಮ್ಮ ಮಟ್ಟಿಗೆ ಇದರ ವಿಮರ್ಶೆ ಆ ಅಂಗಳದಲ್ಲಿ ಆಯಿತು.

ಉಳಿದ ಅರ್ಧ ಬರೆಯುವವರು ಯಾರು? ಪ್ಯಾಟ್ಸಿಯರು ದೂರ ಇಲ್ಲ. ಇದೇ ಬೆಳಗಾವಿ ಜಿಲ್ಲೆಯ ಸವದತ್ತಿ ಎಲ್ಲಮ್ಮನ ಹೆಸರಿನಲ್ಲಿ ನಮ್ಮ ಕೇರಿಯ ಹೆಣ್ಣುಮಕ್ಕಳಿಗೆ ಮುತ್ತು ಕಟ್ಟಿದರು, ಅವರಲ್ಲಿ ಎಷ್ಟೋ ಮಂದಿ ಮುಂಬಯಿಯ ಓಣಿಗಳಿಗೆ ಮಾರಾಟವಾದರು. ಅದನ್ನು ನಿಷೇಧಿಸಿ 1982ರಲ್ಲಿ ಕರ್ನಾಟಕ ಕಾನೂನು ಮಾಡಿತು. ಅವರನ್ನೂ ಯಾರೂ ಕದ್ದೊಯ್ಯಲಿಲ್ಲ. ಭಂಡಾರ ಹಚ್ಚಿ, ಬಾಜಾ ಊದಿ, ಊರೆಲ್ಲ ಉಂಡು ಕಳಿಸಿತು. ಇಲ್ಲಿ ಅಪಹರಣಕ್ಕೆ ಹರಕೆ ಎಂದು ಹೆಸರು.

ನಾರ್ಥಪ್‌ನ ಪುಸ್ತಕವನ್ನು ಓದಬೇಕು, ಕೇರಿಕೇರಿಯಲ್ಲಿ ಓದಿ ಹೇಳಬೇಕು. ಲೆಕ್ಕ ಇಡುವುದನ್ನು ಅದರಿಂದ ಕಲಿಯಬೇಕು: ಎಷ್ಟು ಕೂಲಿ, ಎಷ್ಟು ಸಾಲ, ಎಷ್ಟು ಏಟು, ಯಾರ ಕೈಯಿಂದ. ಆದರೆ ಓದಿ ಮುಗಿಸಿ ಒಬ್ಬ ಮನೆ ಸೇರಿದ ಎಂದು ನೆಮ್ಮದಿಯಿಂದ ಮಲಗಬಾರದು. ಬಿಟ್ಟು ಬಂದವರ ಲೆಕ್ಕ ಕೊಡುವ ತನಕ ಯಾವ ಬಿಡುಗಡೆಯ ಕತೆಯೂ ಪೂರ್ತಿ ಅಲ್ಲ. ನಮ್ಮ ಬರಹವೂ ಅಲ್ಲ.