ಒಂದು ಗ್ರಾಂ ತೆಗೆದ ಮೇಲೆ

ಮೊನ್ನೆ ಟಿವಿಯಲ್ಲಿ 'ಕೆಜಿಎಫ್' ಮತ್ತೆ ಬಂತು. ಎಷ್ಟನೇ ಸಲವೋ, ಲೆಕ್ಕ ಇಟ್ಟಿಲ್ಲ. ಈ ಸಲ ಯಶ್‌ನ ಬಿಟ್ಟು ಅವನ ಹಿಂದಿದ್ದ ನೆಲವನ್ನೇ ನೋಡ್ತಾ ಕೂತೆ. ಆ ಸಿನಿಮಾದ ಒಂದಷ್ಟು ಶೂಟಿಂಗ್ ನಡೆದಿದ್ದು ನಿಜವಾದ ಕೆಜಿಎಫ್‌ನ ಸೈನೈಡ್ ದಿಬ್ಬಗಳ ಮೇಲೆ.

ನಮ್ಮೂರು ಬಂಗಾರಪೇಟೆ ಕಡೆ. ಚಿಕ್ಕವನಿದ್ದಾಗ ಅಪ್ಪನ ಜೊತೆ ರಾಬರ್ಟ್‌ಸನ್‌ಪೇಟೆಗೆ ಹೋಗುವಾಗ ಬಸ್ಸಿನ ಕಿಟಕಿಯಿಂದ ಆ ದಿಬ್ಬಗಳು ಕಾಣೋವು. ಮರ ಇಲ್ಲ, ಬಂಡೆ ಇಲ್ಲ. ತಲೆ ಚಪ್ಪಟೆ, ಮೈತುಂಬಾ ಮಳೆನೀರು ಕೊರೆದ ಗೀರು. ಗುಡ್ಡ ಅಂದ್ರೆ ದೇವರು ಮಾಡಿದ್ದು ಅಂದುಕೊಂಡಿದ್ದೆ. 'ಅದು ಗುಡ್ಡ ಅಲ್ಲ ಕಣೋ, ನೆಲದೊಳಗಿಂದ ತೆಗೆದು ಸುರಿದಿದ್ದು' ಅಂದ್ರು ಅಪ್ಪ.

ಗಣಿಯಿಂದ ಕಲ್ಲು ತೆಗೆದು, ಹಿಟ್ಟಿನಂತೆ ಅರೆದು, ಸೈನೈಡ್ ನೀರಿನಲ್ಲಿ ಚಿನ್ನವನ್ನು ಕರಗಿಸಿಕೊಂಡು, ಉಳಿದ ಕೆಸರನ್ನು ಪಕ್ಕದಲ್ಲೇ ಸುರಿಯುತ್ತಾ ಹೋದರು. 1880ರಲ್ಲಿ ಜಾನ್ ಟೇಲರ್ ಕಂಪನಿ ಕಾಲಿಟ್ಟಾಗಿನಿಂದ 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚುವವರೆಗೆ ಸುಮಾರು 800 ಟನ್ ಚಿನ್ನ ಹೊರಗೆ ಹೋಯಿತು. ಇಲ್ಲಿ ಉಳಿದಿದ್ದು 13 ದಿಬ್ಬ, ಸುಮಾರು 3.3 ಕೋಟಿ ಟನ್ ಹುಡಿ. ಇದೇನು ಕಾಡಿನ ಮಧ್ಯೆ ಇಲ್ಲ. ಮನೆ, ಶಾಲೆ, ಚರ್ಚು, ರೈಲ್ವೆ ಸ್ಟೇಷನ್ ಇರುವ ಊರಿನ ಮಗ್ಗುಲಲ್ಲೇ ಇದೆ.

ಒಂದು ವಿಷಯ ಸ್ಪಷ್ಟ ಮಾಡಿಬಿಡ್ತೀನಿ. ಹೆಸರಿನಲ್ಲಿ ಸೈನೈಡ್ ಇದ್ದರೂ ಅದು ಬಿಸಿಲು ಗಾಳಿಗೆ ಬಹುಮಟ್ಟಿಗೆ ಒಡೆದು ಹೋಗುವ ವಸ್ತು. ಹೋಗದೆ ಉಳಿಯುವುದು ನಯವಾದ ಸಿಲಿಕಾ ಧೂಳು, ಅದರ ಜೊತೆಗೆ ಅದಿರಿನಲ್ಲೇ ಇದ್ದ ಗಂಧಕ, ಆರ್ಸೆನಿಕ್‌ನ ಖನಿಜಗಳು. ಗಾಳಿ ಬೀಸಿದರೆ ಧೂಳು ಊರಿನ ಮೇಲೆ, ಮಳೆ ಬಂದರೆ ಕೆಸರು ತಗ್ಗಿನ ಹೊಲಕ್ಕೆ.

ಸಿನಿಮಾದ ಮೇಲೆ ನನ್ನ ತಕರಾರು ಚರಿತ್ರೆ ತಿರುಚಿದರು ಅಂತಲ್ಲ. ಕಥೆ ಕಟ್ಟೋಕೆ ಅವರಿಗೆ ಹಕ್ಕಿದೆ, ನಾನೂ ಥಿಯೇಟರ್‌ನಲ್ಲಿ ಶಿಳ್ಳೆ ಹೊಡೆದವನೇ. ಆದರೆ ಅಲ್ಲಿ ಇಡೀ ಜಗಳ ಚಿನ್ನ ಯಾರದ್ದು ಅನ್ನೋದರ ಬಗ್ಗೆ. ನೆಲ ಬರೀ ಬ್ಯಾಕ್‌ಗ್ರೌಂಡ್. ಹೀರೋ ನಡೆದು ಬರುವಾಗ ಧೂಳು ಎದ್ದರೆ ಫ್ರೇಮ್ ಚೆನ್ನಾಗಿ ಕಾಣುತ್ತೆ. ಆ ಧೂಳು ಯಾರ ಶ್ವಾಸಕೋಶಕ್ಕೆ ಹೋಗುತ್ತೆ ಅಂತ ಸಿನಿಮಾ ಕೇಳಲ್ಲ.

ಕೇಳದಿದ್ದರೆ ಕತ್ತೆ ಬಾಲ, ಸಿನಿಮಾ ತಾನೇ ಅಂತ ಬಿಡಬಹುದಿತ್ತು. ಆದರೆ ಸರ್ಕಾರವೂ ಅದೇ ಕಣ್ಣಿನಲ್ಲಿ ನೋಡ್ತಿದೆ ಅನ್ನೋದು ನನ್ನ ಭಯ. 2024ರ ಜೂನ್‌ನಲ್ಲಿ ರಾಜ್ಯ ಸಚಿವ ಸಂಪುಟ ಈ ದಿಬ್ಬಗಳಿಂದ ಮತ್ತೆ ಚಿನ್ನ ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ ಒಪ್ಪಿಗೆ ಕೊಟ್ಟಿತು. ಸಾವಿರ ಎಕರೆ ಚಿಲ್ಲರೆ ಜಾಗ. ಸುದ್ದಿಯಲ್ಲೆಲ್ಲಾ ಚಿನ್ನದ್ದೇ ಮಾತು. ನಾನು ಸುಮ್ಮನೆ ಒಂದು ಲೆಕ್ಕ ಹಾಕಿದೆ. ಈ ಹುಡಿಯಲ್ಲಿ ಟನ್ನಿಗೆ ಒಂದು ಗ್ರಾಂ ಚಿನ್ನವೂ ಇಲ್ಲ. ಉದಾರವಾಗಿ ಒಂದು ಗ್ರಾಂ ಅಂತಲೇ ಇಟ್ಕೊಳ್ಳಿ. ಟನ್ ಅಂದ್ರೆ 10 ಲಕ್ಷ ಗ್ರಾಂ. ಒಂದು ಗ್ರಾಂ ತೆಗೆದ ಮೇಲೆ ಉಳಿಯೋದು 9,99,999 ಗ್ರಾಂ. ಅದು ಎಲ್ಲಿಗೆ ಹೋಗುತ್ತೆ?

ಈ ಪ್ರಶ್ನೆಯನ್ನ ಜೋಹಾನ್ಸ್‌ಬರ್ಗ್ ನಮಗಿಂತ ಮೊದಲೇ ಎದುರಿಸಿದೆ. ಅದೂ ಚಿನ್ನದ ಗಣಿಯ ಊರು, ಅಲ್ಲೂ ಊರೊಳಗೇ ಇಂಥ ದಿಬ್ಬಗಳು. ಟಾಪ್ ಸ್ಟಾರ್ ಅನ್ನೋ ಡ್ರೈವ್-ಇನ್ ಥಿಯೇಟರ್ ಒಂದು ದಿಬ್ಬದ ನೆತ್ತಿ ಮೇಲೇ ಇತ್ತು. (ನಮ್ಮಲ್ಲಿ ದಿಬ್ಬ ಸಿನಿಮಾದೊಳಗೆ, ಅಲ್ಲಿ ಸಿನಿಮಾ ದಿಬ್ಬದ ಮೇಲೆ!) 2000ರ ದಶಕದಲ್ಲಿ ಥಿಯೇಟರ್ ಮುಚ್ಚಿ ದಿಬ್ಬವನ್ನೇ ಚಿನ್ನಕ್ಕಾಗಿ ಕರಗಿಸಿದರು. ಅಂಥ ಕಡೆ ರಭಸದ ನೀರು ಹಾಯಿಸಿ, ಕೆಸರು ಮಾಡಿ, ಪೈಪಿನಲ್ಲಿ ಸಾಗಿಸ್ತಾರೆ. ಊರೊಳಗೆ ಬೆಲೆಬಾಳುವ ಜಾಗ ಖಾಲಿಯಾಗುತ್ತೆ. ಉಳಿದ ಕೆಸರು ಊರಾಚೆ ಬ್ರಾಕ್‌ಪಾನ್ ಬಳಿ ಇನ್ನೂ ದೊಡ್ಡ ದಿಬ್ಬವಾಗಿ ಕೂತಿದೆ. ನಮ್ಮ ಭಾಷೇಲಿ ಹೇಳೋದಾದ್ರೆ ಟಿಕೆಟ್ ಕ್ಲೋಸ್ ಆಗಿಲ್ಲ, ಬೇರೆ ಟೀಮಿಗೆ ಅಸೈನ್ ಆಗಿದೆ ಅಷ್ಟೆ.

ಹಾಗಂತ ಯೋಜನೆಯೇ ಬೇಡ ಅಂತಿಲ್ಲ. ಇದು ಕೆಜಿಎಫ್‌ಗೆ ಸಿಕ್ಕಿರೋ ಒಳ್ಳೆಯ ಅವಕಾಶ. ಬರೀ ಸ್ವಚ್ಛ ಮಾಡಿ ಅಂದ್ರೆ ಯಾರೂ ದುಡ್ಡು ಬಿಚ್ಚಲ್ಲ. ಇಲ್ಲಿ ಚಿನ್ನವೇ ಖರ್ಚು ಹೊರಬಲ್ಲದು. ಆದರೆ ಆ ಹೊಣೆ ಕರಾರಿನಲ್ಲೇ ಬರಬೇಕು. ಹುಡಿ ಕೊನೆಗೆ ಎಲ್ಲಿ ಕೂರುತ್ತೆ, ಅದರ ತಳಕ್ಕೆ ನೀರು ಇಳಿಯದ ಹಾಸು ಇರುತ್ತಾ, ಅಗೆಯುವಾಗ ಏಳೋ ಧೂಳಿಗೆ ಏನು ವ್ಯವಸ್ಥೆ, ಕಂಪನಿ ಅರ್ಧಕ್ಕೇ ಕೈ ಎತ್ತಿದರೆ ಮುಚ್ಚುವ ಖರ್ಚಿಗೆ ಮೊದಲೇ ಠೇವಣಿ ಇಟ್ಟಿದೆಯಾ? ಖಾಲಿಯಾದ ಜಾಗದಲ್ಲಿ ಗೋಡೌನ್ ಕಟ್ಟೋದಕ್ಕೂ ಮಕ್ಕಳು ಮಣ್ಣಾಡುವ ಲೇಔಟ್ ಮಾಡೋದಕ್ಕೂ ಒಂದೇ ಮಣ್ಣು ಪರೀಕ್ಷೆ ಸಾಲದು. ಬೆಂಗಳೂರಿಗೆ ಇಷ್ಟು ಹತ್ತಿರ ಇರೋ ಊರಲ್ಲಿ ಸೈಟಿನ ಬೋರ್ಡ್ ಮೊದಲು ಬರುತ್ತೋ ಮಣ್ಣಿನ ರಿಪೋರ್ಟ್ ಮೊದಲು ಬರುತ್ತೋ, ನೀವೇ ಹೇಳಿ.

ನನ್ನ ಜೊತೆ ಬಿಇ ಓದಿದ ಗೆಳೆಯನೊಬ್ಬ ಇವತ್ತಿಗೂ ಮಾರಿಕುಪ್ಪಂ ರೈಲಿನಲ್ಲೇ ಬೆಂಗಳೂರಿಗೆ ಬಂದು ಹೋಗ್ತಾನೆ. ಗಾಳಿಕಾಲದಲ್ಲಿ ಅವರ ಮನೇಲಿ ಬಟ್ಟೆ ಒಣಹಾಕೋ ಹಗ್ಗ ಒಳಗಿನ ಕೋಣೆಗೆ ಬರುತ್ತೆ, ಕಿಟಕಿ ಮುಚ್ಚೇ ಇರುತ್ತೆ. ದಿಬ್ಬದಿಂದ ಚಿನ್ನ ತೆಗೀತಾರಂತೆ ಅಂತ ಇವನು ಅಮ್ಮನಿಗೆ ಹೇಳಿದ್ದಾನೆ. ಎಷ್ಟು ಚಿನ್ನ ಅಂತ ಅವರು ಕೇಳಲಿಲ್ಲ. ಅಗೆಯೋಕೆ ಶುರು ಮಾಡಿದ್ರೆ ಕಿಟಕಿ ಇನ್ನೆಷ್ಟು ವರ್ಷ ಮುಚ್ಚಿಡಬೇಕು ಅಂತ ತಮಿಳಿನಲ್ಲಿ ಕೇಳಿದರಂತೆ.