ಪದ ಗೊತ್ತಿತ್ತು, ಕಣ್ಣು ಕಾಣುತ್ತಿರಲಿಲ್ಲ

ನನ್ನ ಕಪಾಟಿನಲ್ಲಿ ಬೆನ್ನು ಹರಿದುಹೋದ ಒಂದು ಇಂಗ್ಲಿಷ್ ಪುಸ್ತಕವಿದೆ. ಅಮೆರಿಕದ ನಾರ್ಮನ್ ಲೂಯಿಸ್ ಬರೆದ ‘ವರ್ಡ್ ಪವರ್ ಮೇಡ್ ಈಸಿ’. 1949ರಲ್ಲಿ ಮೊದಲು ಅಚ್ಚಾದ ಈ ಪುಸ್ತಕವನ್ನು ಬ್ಯಾಂಕ್ ಪರೀಕ್ಷೆಗೆ ಕೂರುವ ನಮ್ಮೂರ ಹುಡುಗ ಹುಡುಗಿಯರು ಇಂದಿಗೂ ಕೊಳ್ಳುತ್ತಾರೆ. ಬಿ.ಎಡ್. ಮುಗಿಸಿ ಬಂಟ್ವಾಳದ ಕಡೆ ಕೆಲಸಕ್ಕೆ ಸೇರಿದಾಗ ನಾನೂ ಕೊಂಡೆ. ಅಲ್ಲಿಂದ ಬೆಳ್ತಂಗಡಿಗೆ, ಆಮೇಲೆ ಮೂಡುಬಿದಿರೆಗೆ, ವರ್ಗವಾದಲ್ಲೆಲ್ಲ ಅದು ಪಾತ್ರೆಪಗಡೆಯ ಜೊತೆ ಲಾರಿ ಹತ್ತಿದೆ. ಇಷ್ಟು ವರ್ಷ ಜೊತೆಗಿದ್ದುದರ ಗುಣದೋಷ ಹೇಳುವ ಹಕ್ಕು ನನಗಿದೆ ಎಂದುಕೊಂಡಿದ್ದೇನೆ.

ಮೊದಲು ಗುಣ. ಕಠಿಣ ಪದಗಳನ್ನು ಈ ಪುಸ್ತಕ ರಾಶಿ ಹಾಕುವುದಿಲ್ಲ. ಬೇರು ಹಿಡಿದು ಎತ್ತಿ ತೋರಿಸುತ್ತದೆ. ಬೇರು ಹುಡುಕುವ ಚಪಲ ನನಗೆ ಹತ್ತಿದ್ದೇ ಇದರಿಂದ. ಲ್ಯಾಟಿನ್ನಿನಲ್ಲಿ ‘ಒಕ್ಯುಲಸ್’ ಎಂದರೆ ಕಣ್ಣು. ಗಿಡದ ಮೊಗ್ಗಿಗೂ ಅದೇ ಹೆಸರು. ಒಂದು ಗಿಡದ ಮೊಗ್ಗನ್ನು ಇನ್ನೊಂದಕ್ಕೆ ಕೂಡಿಸುವುದೇ ‘ಇನಾಕ್ಯುಲೇಟ್’ ಎಂಬ ಪದದ ಮೊದಲ ಅರ್ಥ. ರೋಗ ಬಾರದಂತೆ ಚುಚ್ಚುಮದ್ದು ಹಾಕುವುದು ಆಮೇಲೆ ಬಂದ ಅರ್ಥ. ಬೆಳ್ತಂಗಡಿಯಲ್ಲಿ ಇದನ್ನು ಹೇಳುತ್ತಿದ್ದಾಗ ರಬ್ಬರ್ ತೋಟದ ಕಡೆಯ ಹುಡುಗನೊಬ್ಬ ಎದ್ದುನಿಂತು, “ಟೀಚರ್, ಅದು ನಮ್ಮ ಕಣ್ಣು ಕಸಿ ಅಲ್ವಾ?” ಎಂದ. ನಿಜ! ಗಿಡದ ಮೊಗ್ಗನ್ನು ಕಣ್ಣೆಂದು ಕರೆಯುವುದು ಅವರಿಗೂ ಹೊಳೆದಿತ್ತು, ನಮಗೂ ಹೊಳೆದಿತ್ತು. ‘ವೀಟಾ’ ಎಂದರೆ ಬದುಕು. 1912ರಲ್ಲಿ ಕ್ಯಾಸಿಮಿರ್ ಫಂಕ್ ಅದರಿಂದಲೇ ವಿಟಮಿನ್ ಎಂಬ ಹೆಸರು ಕಟ್ಟಿದರು. ಎ ವಿಟಮಿನ್ ಕಡಿಮೆಯಾದರೆ ಇರುಳುಗುರುಡು. ಹಿತ್ತಿಲ ನುಗ್ಗೆಸೊಪ್ಪಿನಲ್ಲಿ ಕಣ್ಣು, ಬದುಕು, ಆರೋಗ್ಯ ಮೂರೂ ಇವೆ ಎಂದು ಹೇಳಿಕೊಟ್ಟರೆ ಮಕ್ಕಳು ಮರೆಯುವುದಿಲ್ಲ.

ಇನ್ನು ದೋಷ. ವೈದ್ಯರ ಕುರಿತ ಅಧ್ಯಾಯದಲ್ಲಿ ಲೇಖಕರು ನಿಮ್ಮ ಕಣ್ಣು ಹೇಗಿದೆ, ಚರ್ಮ ಹೇಗಿದೆ, ಎಲುಬು ಹೇಗಿದೆ ಎಂದು ಕೇಳಿ, ಒಂದೊಂದಕ್ಕೂ ಒಬ್ಬೊಬ್ಬ ತಜ್ಞನ ಹೆಸರು ಹೇಳುತ್ತಾರೆ. ಯಾರ ಬಳಿಗೆ ಹೋಗಬೇಕೆಂದು ತಿಳಿಯಿತು. ಹೋಗಿ ಏನು ಹೇಳಬೇಕು? ‘ಗೈನಕಾಲಜಿಸ್ಟ್’ ಎಂದು ಸ್ಪಷ್ಟವಾಗಿ ಉಚ್ಚರಿಸುವ ನಮ್ಮ ಹೆಣ್ಣುಮಕ್ಕಳೇ ಅವರೆದುರು ಕೂತಾಗ “ಒಂದು ಥರಾ ಆಗ್ತದೆ ಡಾಕ್ಟ್ರೇ” ಎಂದು ಸೆರಗಿನ ತುದಿ ಹಿಡಿದುಕೊಳ್ಳುವುದಿಲ್ಲವೆ? ಆ ಮಾತನ್ನು ನಮಗೆ ಕೊಟ್ಟವರು ಡಾ. ಅನುಪಮಾ ನಿರಂಜನ. 1991ರಲ್ಲಿ ಅವರು ತೀರಿಕೊಂಡರು. ಆದರೆ ‘ತಾಯಿ ಮಗು’, ‘ಕೇಳು ಕಿಶೋರಿ’ ಓದಿ ಬೆಳೆದವರು ನಮ್ಮಲ್ಲಿ ಎಷ್ಟು ಜನ! ವೈದ್ಯೆಯಾಗಿದ್ದೂ ಅವರು ಪದವಿಗಳ ಹೆಸರಿನಿಂದ ಮಾತು ಆರಂಭಿಸಲಿಲ್ಲ. ಅಕ್ಕ ತಂಗಿಯನ್ನು ಪಕ್ಕಕ್ಕೆ ಕೂರಿಸಿಕೊಂಡಂತೆ ಕನ್ನಡದಲ್ಲೇ ಮೈಯ ವಿಷಯ ಹೇಳಿದರು. ಪದಭಂಡಾರ ಎಂದರೆ ನನ್ನ ಮಟ್ಟಿಗೆ ಅದೂ ಹೌದು.

ಲೂಯಿಸರನ್ನು ದೂರುವ ಮೊದಲು ನನ್ನ ತಪ್ಪನ್ನೂ ಹೇಳಬೇಕು. ಬಂಟ್ವಾಳದ ಕಡೆಯ ಆ ಶಾಲೆಯಲ್ಲಿ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಕರಿಹಲಗೆ ನೋಡುವಾಗಲೆಲ್ಲ ಕಣ್ಣು ಕಿರಿದು ಮಾಡಿ ಮುಖ ಕಿವುಚುತ್ತಿದ್ದಳು. ಅಣಕಿಸುತ್ತಾಳೆಂದು ಎರಡು ಸಲ ನಿಲ್ಲಿಸಿ ಗದರಿದೆ. ಆ ವಾರದ ಪದಪರೀಕ್ಷೆಯಲ್ಲಿ ‘ಮಯೋಪಿಯಾ’ ಇತ್ತು. ‘ಸಮೀಪದೃಷ್ಟಿ’ ಎಂದು ಆಕೆ ತಪ್ಪಿಲ್ಲದೆ ಬರೆದಿದ್ದಳು. ನಾನು ಕೆಂಪು ಶಾಯಿಯಲ್ಲಿ ಸರಿ ಗುರುತು ಹಾಕಿದೆ. ತಿಂಗಳ ನಂತರ ಬೀಡಿ ಕಟ್ಟುವ ಅವಳ ತಾಯಿ ಶಾಲೆಗೆ ಬಂದರು. “ಅಕ್ಕಿ ಆರಿಸುವಾಗ ಕಲ್ಲು ಇವಳಿಗೇ ಮೊದಲು ಕಾಣ್ತದೆ ಟೀಚರ್, ಬಸ್ಸಿನ ಬೋರ್ಡು ಮಾತ್ರ ತೋಜುಜಿ ಅಂತಾಳೆ” ಎಂದರು. ‘ತೋಜುಜಿ’, ತುಳುವಿನಲ್ಲಿ ಕಾಣುವುದಿಲ್ಲ ಎಂದು. ಅದಕ್ಕಿಂತ ಒಳ್ಳೆಯ ವ್ಯಾಖ್ಯೆ ನನ್ನ ಯಾವ ನಿಘಂಟಿನಲ್ಲೂ ಇರಲಿಲ್ಲ.

ಕನ್ನಡಕ ಬಂತು, ಹುಡುಗಿ ಮುಂದೆ ಬಂದಳು. ನನಗೆ ಸಮಾಧಾನ ಬರಲಿಲ್ಲ. ಬಹಳ ದಿನಗಳ ಮೇಲೆ ದೊಡ್ಡ ನಿಘಂಟೊಂದರಲ್ಲಿ ಆ ಪದದ ಮೂಲ ನೋಡಿದೆ. ಗ್ರೀಕಿನಲ್ಲಿ ಅದು ಕಣ್ಣು ಮುಚ್ಚುವುದಕ್ಕೆ ಸಂಬಂಧಿಸಿದ್ದು: ದೂರದ್ದು ಕಾಣದವರು ರೆಪ್ಪೆ ಕೂಡಿಸಿ ಕಿರುಗಣ್ಣು ಮಾಡುತ್ತಾರಲ್ಲ, ಅದೇ. ಅವಳ ಮುಖವನ್ನೇ ಯಾರೋ ಸಾವಿರಾರು ವರ್ಷಗಳ ಹಿಂದೆ ನೋಡಿ ಹೆಸರಿಟ್ಟಿದ್ದರು. ಎದುರಿಗಿದ್ದ ನಾನು ನೋಡಿರಲಿಲ್ಲ.

ಈಗ ಆ ಪದ ಕಲಿಸುವ ದಿನ ಹಿಂದಿನ ಬೆಂಚಿನವರಿಂದ ಒಬ್ಬೊಬ್ಬರಾಗಿ ಹಲಗೆ ಓದಿಸುತ್ತೇನೆ. ಯಾರಾದರೂ ಕಣ್ಣು ಕಿರಿದು ಮಾಡಿದರೆ ಅರ್ಥ ಆಮೇಲೆ ಹೇಳುತ್ತೇನೆ. ಮೊದಲು ಮನೆಯವರಿಗೆ ಚೀಟಿ ಬರೆಯುತ್ತೇನೆ. ಲೂಯಿಸರ ಪುಸ್ತಕ ಕಪಾಟಿನಲ್ಲೇ ಇದೆ, ಪಕ್ಕದಲ್ಲಿ ‘ಕೇಳು ಕಿಶೋರಿ’ಯೂ ಇದೆ. ಮಗಳಿಗೆ ಮೊದಲನೆಯದನ್ನು ಕೊಡಿಸುವ ತಾಯಂದಿರು ಎರಡನೆಯದನ್ನೂ ಕೊಡಿಸಲಿ.